ಚಿಕ್ಕಜ್ಜಿಯ ಪುಟ್ಟಿ

ಹುಣಸೆಹಣ್ಣಿನ ಕೆಲಸಕ್ಕೆ ಹೊಸ ಯಂತ್ರ ಮಾಡುತ್ತೇವೆಂದು ಪೇಟೆಯ ಕಾಲೇಜಿನವರು ನಮ್ಮ ಜಗಲಿಯ ಮೇಲೆ ಬಂದು ಕೂತಾಗ, ಮೊಮ್ಮಕ್ಕಳೇ, ನೀವು ಇನ್ನೂ ಚಿಕ್ಕವರು. ನೀವು ಶಾಲೆಯಿಂದ ಬರುವಷ್ಟರಲ್ಲಿ ಅವರ ಜೀಪು ಹೋಗಿರುತ್ತಿತ್ತು. ಆಮೇಲೆ ಮಧುಗಿರಿಯ ಸಭೆಯಲ್ಲಿ ಏನಾಯಿತೆಂದು ನೀವು ಕೇಳಿದಾಗಲೆಲ್ಲ "ಏನೂ ಆಗಲಿಲ್ಲ, ಹೋಗಿ ಓದಿಕೊಳ್ಳಿ" ಎಂದು ತಪ್ಪಿಸಿಕೊಂಡಿದ್ದೇನೆ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಈಗಲೂ ನನಗೆ ಎದೆ ಹೊಡೆದುಕೊಳ್ಳುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೊಳಾಲದ ಕಡೆ ಹೊಲದ ಬದುಗಳಲ್ಲೆಲ್ಲ ಹುಣಸೆಮರಗಳಿವೆ. ಆದರೆ ನಾವು ಬಿಡಿಸುವುದು ನಮ್ಮ ಮರಗಳ ಹಣ್ಣನ್ನಷ್ಟೇ ಅಲ್ಲ. ಶಿವರಾತ್ರಿಯ ಹೊತ್ತಿಗೆ ಹುಣಸೆ ವ್ಯಾಪಾರದ ಮಂಡಿಯವರ ಟೆಂಪೊ ಬಂದು ಮನೆಮನೆಗೆ ಚೀಲ ಇಳಿಸಿ ಹೋಗುತ್ತದೆ. ಓಡು ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಬಡಿದು ಬೀಜ ತೆಗೆದು, ಹಣ್ಣನ್ನು ಅವರಿಗೆ ಹಿಂದಿರುಗಿಸಬೇಕು. ಬಿಸಿಲು ಏರುವ ತಿಂಗಳುಗಳಲ್ಲಿ ನಮ್ಮ ಬೀದಿಯ ಹೆಂಗಸರ ಕೈಗೆ ಇರುವ ಕೆಲಸ ಇದೊಂದೇ.

ಇದನ್ನು ಒಬ್ಬೊಬ್ಬರೇ ಕೂತು ಮಾಡುವುದಿಲ್ಲ. ಮುಯ್ಯಿ ಕಟ್ಟಿಕೊಳ್ಳುತ್ತೇವೆ. ಇವತ್ತು ಎಲ್ಲರೂ ನಮ್ಮ ಜಗಲಿಯಲ್ಲಿ ಕೂತು ನಮ್ಮ ಚೀಲ ಮುಗಿಸಿದರೆ, ನಾಳೆ ಎಲ್ಲರೂ ಎದುರು ಮನೆಗೆ. ಕೊನೆಗೆ ಹಣ್ಣೆಲ್ಲ ಒಂದೇ ರಾಶಿಗೆ ಸೇರುತ್ತದೆ. ಆದರೂ ಅವರವರ ಮುಂದೆ ಅವರವರ ಗುಡ್ಡೆ ಇರುತ್ತದಲ್ಲ, ಅದು ಕಣ್ಣಿಗೆ ಬೀಳುತ್ತದೆ. ಒಬ್ಬಳಿಗೆ ಜ್ವರ ಬಂದು ಬಿಟ್ಟಿರುತ್ತದೆ, ಇನ್ನೊಬ್ಬಳು ಬಾಣಂತಿತನ ಮುಗಿಸಿ ಆಗಷ್ಟೇ ಬಂದಿರುತ್ತಾಳೆ. ಅಂಥವಳ ಗುಡ್ಡೆ ಸಣ್ಣದಾಗಿ ಕಂಡರೆ ಪಕ್ಕದಲ್ಲಿ ಕೂತವಳು ತಾನು ಬಿಡಿಸಿದ್ದರಲ್ಲಿ ಒಂದು ಬೊಗಸೆ ಅತ್ತ ತಳ್ಳುತ್ತಾಳೆ. ತಳ್ಳುವವಳು ಮುಖ ನೋಡುವುದಿಲ್ಲ, ತಳ್ಳಿಸಿಕೊಂಡವಳೂ ನೋಡುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಮುಖಕ್ಕೆ ಹೊಡೆದಂತೆ.

ನನ್ನ ಪಕ್ಕದಲ್ಲಿ ಯಾವಾಗಲೂ ಕೂರುವವಳು ನಿಮ್ಮ ಚಿಕ್ಕಜ್ಜಿ, ನನ್ನ ಮೈದುನನ ಹೆಂಡತಿ. ಗೋಡೆಯ ಆಚೆ ಅವಳ ಮನೆ. ನನಗೆ ಬಾಯಿಲ್ಲ, ಅವಳಿಗೆ ಇಬ್ಬರದ್ದೂ ಸೇರಿಸಿ ಬಾಯಿ. ಅವಳ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು ವರ್ಷಗಳಾಗಿದ್ದವು. ಕೀಲು ಸವೆದಿದೆ ಎಂದು ಕೊರಟಗೆರೆಯ ಡಾಕ್ಟರು ಹೇಳಿದ್ದರಂತೆ. ಅದನ್ನು ನಮಗೆ ಹೇಳುವಾಗ ಅವಳು ನಕ್ಕಿದ್ದಳು. ಕಲ್ಲಿನ ಮೇಲೆ ಬಡಿಯುವಾಗ ಹೆಬ್ಬೆರಳನ್ನು ದೂರ ಇಟ್ಟುಕೊಂಡು, ಉಳಿದ ಬೆರಳುಗಳಲ್ಲೇ ಹೇಗೋ ನಿಭಾಯಿಸುತ್ತಿದ್ದಳು.

ಕಾಲೇಜಿನಿಂದ ಬಂದವರು ಇಬ್ಬರು. ತಲೆ ನರೆತ ಮೇಷ್ಟ್ರೊಬ್ಬರು, ಮತ್ತೆ ಅವರ ಕೈಕೆಳಗೆ ಕೆಲಸ ಮಾಡುವ ಒಬ್ಬ ಹುಡುಗಿ. ಹುಡುಗಿಯನ್ನು ನಾವು ಮೇಡಂ ಎನ್ನುತ್ತಿದ್ದೆವು. ಮಾತೆಲ್ಲ ಅವಳದೇ.

"ನಾವೇ ಯಂತ್ರ ಮಾಡಿ ತಂದು ನಿಮ್ಮ ಕೈಗೆ ಕೊಡೋದಲ್ಲ ಅಮ್ಮ. ನಿಮ್ಮ ಜೊತೆ ಕೂತು, ನೀವು ಹೇಳಿದ ಹಾಗೆ ಮಾಡೋದು. ಏನು ಬೇಕು, ಏನು ಬೇಡ, ಎಲ್ಲ ನಿಮ್ಮ ಬಾಯಿಂದಲೇ ಬರಬೇಕು" ಎಂದಳು.

"ನಮ್ ಜತೇಲಿ ಕೂತ್ಕಬೇಕು ಅಂದ್ರೆ ಮೊದ್ಲು ಕೂತ್ಕ ತಾಯಿ. ಬಟ್ಟೆ ಕೊಳೆ ಆಯ್ತದೆ ಅಂತ ಕೊಕ್ಕರೆ ಅಂಗೆ ನಿಂತಿದ್ದೀಯ" ಎಂದಳು ಚಿಕ್ಕಜ್ಜಿ.

ಮೇಡಂ ನಕ್ಕು, ಓಡಿನ ಚೂರುಗಳ ನಡುವೆಯೇ ಕೂತಳು. ನನಗೆ ಆಗಲೇ ಅವಳ ಮೇಲೆ ವಿಶ್ವಾಸ ಬಂತು. ಯಾವ ಹೊತ್ತಿಗೆ ಯಾರ ಜಗಲಿಯಲ್ಲಿ ನೆರಳು, ಯಾರಿಗೆ ಎಲ್ಲಿ ನೋವು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಯಾರು ಏಳಬೇಕು, ಎಲ್ಲ ಕೇಳಿದಳು. ಅದರಂತೆಯೇ ಪ್ರಯೋಗದ ದಿನಗಳನ್ನು ಗೊತ್ತುಮಾಡಿದಳು. ಮುಯ್ಯಿ ಎಂದರೇನು ಎಂದೂ ಕೇಳಿ ತಿಳಿದುಕೊಂಡಳು. ಬೊಗಸೆ ತಳ್ಳುವ ಸಂಗತಿಯನ್ನು ಅವಳು ಕೇಳಲಿಲ್ಲ. ನಾವೂ ಹೇಳಲಿಲ್ಲ. ಅದು ಹೇಳುವಂಥ ವಿಷಯ ಎಂದು ನಮಗೆ ಹೊಳೆಯಲೇ ಇಲ್ಲ.

ಯಂತ್ರ ಬಂತು. ಮರದ ಹಲಗೆ, ಅದರ ಮೇಲೆ ಕಬ್ಬಿಣದ ಬಾಯಿ, ಬಾಯಿ ಮುಚ್ಚಲು ಒಂದು ಸರಳು. ಹಣ್ಣನ್ನು ಬಾಯಿಗಿಟ್ಟು ಸರಳನ್ನು ಹೆಬ್ಬೆರಳಿನಿಂದ ಒತ್ತಿದರೆ ಬೀಜ ಕೆಳಗೆ ಬೀಳಬೇಕು. ಎದುರು ಮನೆಯ ಸೊಸೆ ಪಾವಗಡದ ಕಡೆಯವಳು, ಬಾಯಿಗೆ ಬಂದಂತೆ ತೆಲುಗು ಬೆರೆಸುವವಳು.

"ಅಮ್ಮೋ! ಇದು ಮೊಸಳೆ ಕಣತ್ತೆ. ಬೆರಳಿಟ್ರೆ ಪಾಯೆ, ಹೋಯ್ತು!" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಅಂದಿನಿಂದ ಅದರ ಹೆಸರು ಮೊಸಳೆ.

ಯಾರಿಗೆ ಎಷ್ಟು ಅನುಕೂಲವಾಗುತ್ತದೆ ಎಂದು ತಿಳಿಯಬೇಕಲ್ಲ, ಅದಕ್ಕಾಗಿ ಮೇಡಂ ಒಬ್ಬೊಬ್ಬರಿಗೆ ಒಂದೊಂದು ಬಿದಿರಿನ ಪುಟ್ಟಿ ಕೊಟ್ಟು, ಗುರುತಿಗೆ ಬೇರೆ ಬೇರೆ ಬಣ್ಣದ ರಿಬ್ಬನ್ ಕಟ್ಟಿದಳು. ಹೊರಡುವ ಮೊದಲು ಒಂದೊಂದು ಪುಟ್ಟಿಯನ್ನೂ ಬೇರೆಬೇರೆಯಾಗಿ ತೂಗುತ್ತಿದ್ದಳು. ಅವಳು ಮೇಷ್ಟ್ರ ಜೊತೆ ಫೋನಿನಲ್ಲಿ ಮಾತಾಡಲು ಬೇವಿನಮರದ ಕಡೆ ಹೋದಾಗ ನಾನು ಚಿಕ್ಕಜ್ಜಿಯ ಪುಟ್ಟಿ ನೋಡಿದೆ. ತಳವೂ ಮುಚ್ಚಿರಲಿಲ್ಲ. ನನ್ನ ಕೈ ತಾನಾಗಿ ಒಂದು ಬೊಗಸೆ ಎತ್ತಿ ಹಾಕಿತು. ಆಚೆ ಪಕ್ಕದಿಂದ ಪಾವಗಡದವಳ ಕೈಯೂ ಬಂತು. ಚಿಕ್ಕಜ್ಜಿ ಮುಖ ಎತ್ತಲಿಲ್ಲ. ಮುಂದಿನ ದಿನಗಳಲ್ಲೂ ಹೀಗೇ ಆಯಿತು.

ಕೊನೆಯ ದಿನ ತೂಕ ನೋಡಿ ಮೇಡಂಗೆ ಹಿಡಿಸಲಾರದಷ್ಟು ಸಂತೋಷ. "ಕೈ ನೋವಿರೋ ಅಜ್ಜಿ ಎಲ್ಲರಷ್ಟೇ ಮಾಡಿದಾರೆ! ನಮಗೆ ಬೇಕಾಗಿದ್ದು ಇದೇ" ಎಂದು ಚಿಕ್ಕಜ್ಜಿಯ ಕೈ ಹಿಡಿದು ಫೋಟೊ ತೆಗೆದಳು.

ಆಮೇಲೆ ಮೇಷ್ಟ್ರೂ ಮಂಡಿಯವರೂ ಕೂಡಿ ಬಂದರು. ಬೇರೆ ಊರುಗಳಲ್ಲೂ ಹೀಗೇ ತೂಗಿ ನೋಡಿದ್ದಾಗಿದೆ, ಮಧುಗಿರಿಯಲ್ಲಿ ದೊಡ್ಡ ಸಭೆಯಿದೆ, ಒಪ್ಪಿಗೆಯಾದರೆ ಇದೇ ನಮೂನೆಯ ಯಂತ್ರವನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಮಹಿಳಾ ಸಂಘಗಳಿಗೆ ಮಾಡಿಸಿಕೊಡುತ್ತಾರೆ, ಆಮೇಲೆ ಬದಲಾಯಿಸಲು ಬರುವುದಿಲ್ಲ ಎಂದರು ಮೇಷ್ಟ್ರು. ಮಂಡಿಯವರು ಅದಕ್ಕೆ ಇನ್ನೊಂದು ಮಾತು ಸೇರಿಸಿದರು.

"ಮುಂದಿನ ಸುಗ್ಗಿಯಿಂದ ಇದ್ರಲ್ಲಿ ಮಾಡೋರ ಮನೇಗೇ ನಾವು ಹಣ್ಣು ಹಾಕೋದು. ಕಲ್ಲಲ್ಲಿ ಜಜ್ಜಿದ ಹಣ್ಣು ನಮಗೆ ಬ್ಯಾಡ."

ಮೊಸಳೆಯ ಸರಳು ಒತ್ತಲಾಗದವರ ಮನೆಗೆ ಇನ್ನು ಚೀಲ ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಅರ್ಥ ಮಾಡಿಕೊಂಡೆ. ಅಷ್ಟರಲ್ಲಿ ಮೇಡಂ ಚಿಕ್ಕಜ್ಜಿಯ ಕಡೆ ತಿರುಗಿ, "ಸಭೆಯಲ್ಲಿ ಎಲ್ಲರ ಮುಂದೆ ನೀವೇ ಮಾಡಿ ತೋರಿಸಬೇಕು ಅಜ್ಜಿ" ಎಂದಳು.

"ಅದಕ್ಕೇನಂತೆ, ಬತ್ತೀನಿ" ಎಂದಳು ಚಿಕ್ಕಜ್ಜಿ, ತಲೆ ಎತ್ತಿಕೊಂಡೇ.

ಅಂದು ಸಂಜೆ ಅವಳ ಮನೆಗೆ ಹೋದೆ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಬಲಗೈ ಮುಳುಗಿಸಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಕೈ ತೆಗೆದು ಸೆರಗಿನೊಳಗೆ ಮುಚ್ಚಿಕೊಂಡಳು. ಟೀ ಲೋಟವನ್ನು ಎಡಗೈಯಲ್ಲಿ ಕೊಟ್ಟಳು. ಹಿರಿಯರಿಗೆ ಎಡಗೈಯಲ್ಲಿ ಕೊಡುವವಳಲ್ಲ ಅವಳು. ನಾನು ಏನೂ ಕೇಳದೆ ಟೀ ಕುಡಿದು ಬಂದೆ.

ನಲ್ಲಿಯ ಹತ್ತಿರ ಪಾವಗಡದವಳು ಬಿಂದಿಗೆ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಂದಳು.

"ಅಲ್ಲಿ ಅವರ ಪಕ್ಕದಾಗೆ ನಾವಿರಲ್ಲ. ಪುಟ್ಟಿ ತುಂಬೋರು ಯಾರು ಅತ್ತೆ?"

"ಮೇಡಂಗೆ ನೀನೇ ಹೇಳ್ಬುಡು."

"ನಾನಾ? ನಾನು ಹೇಳಿದ್ರೆ ಪಾವಗಡದೋಳು ಬಾಯಿಬಡುಕಿ, ನಮ್ಮೂರ ಮಾನ ತೆಗೆದ್ಲು ಅಂತಾರೆ. ನೀವು ದೊಡ್ಡೋರು. ನೀವು ಚೆಪ್ಪಂಡಿ."

ಹೇಳಬೇಕು ಎಂದು ನನಗೂ ಗೊತ್ತಿತ್ತು. ಹೇಳಿದರೆ ಚಿಕ್ಕಜ್ಜಿಯ ಗುಡ್ಡೆಯನ್ನು ಬೀದಿಯಲ್ಲಿ ತೆರೆದಿಟ್ಟಂತೆ. ಹೇಳದಿದ್ದರೆ ಅವಳು ಆ ಸಭೆಯಲ್ಲಿ ಒಬ್ಬಳೇ. ಅವಳು ಹೇಗೋ ಹಲ್ಲುಕಚ್ಚಿ ಮಾಡಿ ತೋರಿಸಿಬಿಟ್ಟರೆ ಅದು ಇನ್ನೂ ಕೆಟ್ಟದ್ದು. ಆ ಸರಳೇ ಎಲ್ಲ ಕಡೆಗೂ ಬರುತ್ತದೆ, ಅವಳ ಮನೆಗೆ ಬರುವ ಹಣ್ಣು ನಿಲ್ಲುತ್ತದೆ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಮೇಡಂ ನಂಬರಿಗೆ ಫೋನು ಒತ್ತಿದೆ. ಆ ಕಡೆಯಿಂದ "ಹಲೋ, ಹೇಳಿ ಅಮ್ಮ" ಎಂಬ ದನಿ ಬಂತು. "ಊಟ ಆಯ್ತಾ ಮೇಡಂ?" ಎಂದೆ. ಆಯ್ತು ಎಂದಳು. ಫೋನು ಇಟ್ಟುಬಿಟ್ಟೆ.

ಸಭೆ ಶುಕ್ರವಾರ. ಗೊರವನಹಳ್ಳಿ ಲಕ್ಷ್ಮಿ ಗುಡಿಗೆ ಹೋಗಿಬರುವವರಿಂದ ಬಸ್ಸು ತುಂಬಿ, ನಾನೂ ಚಿಕ್ಕಜ್ಜಿಯೂ ಕೊರಟಗೆರೆಯವರೆಗೆ ನಿಂತೇ ಇದ್ದೆವು. ಮೇಲಿನ ಕಂಬಿಯನ್ನು ಅವಳು ಎಡಗೈಯಲ್ಲಿ ಹಿಡಿದಿದ್ದಳು. ಅಲ್ಲಿ ಮಧುಗಿರಿ ಬಸ್ಸು ಹತ್ತಿದ ಮೇಲೆ ಕೂರಲು ಜಾಗ ಸಿಕ್ಕಿತು. ಅವಳು ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಇನ್ನು ಸುಮ್ಮನಿದ್ದರೆ ಊರು ಬಂದುಬಿಡುತ್ತದೆ ಎನಿಸಿತು.

"ಇವತ್ತು ನಿನ್ನ ಪಕ್ಕದಲ್ಲಿ ಯಾರೂ ಕೂರಲ್ಲ ಕಣೆ" ಎಂದೆ.

"ಗೊತ್ತು."

"ಏನು ಗೊತ್ತು?"

"ನನ್ ಪುಟ್ಟೀಲಿ ಅರ್ಧ ನಿಂದು, ಅರ್ಧ ಪಾವಗಡದೋಳ್ದು. ನನಗೆ ಕೈ ಹೋಗೈತೆ, ಕಣ್ಣೂ ಹೋಗೈತೆ ಅಂದ್ಕಂಡ್ಯಾ?"

ಅವಳ ಕಡೆ ನೋಡಲು ನನಗೆ ಆಗಲಿಲ್ಲ. "ಮತ್ತೆ ಯಾಕೆ ಬತ್ತೀನಿ ಅಂದೆ?"

"ಆಗಲ್ಲ ಅಂತ ಮೊದಲ್ನೇ ದಿನಾನೇ ಅಂದಿದ್ರೆ ನನ್ನ ಎಬ್ಬಿಸಿ ಕೈ ನೆಟ್ಟಗಿರೋಳ್ನ ಕೂರಿಸ್ಕಳೋರು. ಆಮೇಲೆ ನನ್ನಂತೋಳು ಐದಾಳೆ ಅಂತ ಯಾರು ನೆನೆಸ್ಕಳೋರು? ಒಳಗಿದ್ರೆ ಏನಾರ ಒಂದು ದಾರಿ ಸಿಗ್ತದೆ ಅಂದ್ಕಂಡೆ."

"ಸಿಕ್ತಾ?"

"ಇಲ್ಲ ಕಣಕ್ಕ." ಅವಳ ದನಿ ಸಣ್ಣಗಾಗಿದ್ದನ್ನು ನಾನು ಅಷ್ಟು ವರ್ಷದಲ್ಲಿ ಕೇಳಿರಲಿಲ್ಲ. "ಅಲ್ಲಿ ಕೂತ್ಕಂಡು ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ. ವಾಪಸ್ ಓಗ್ಬುಡಾಣ ಅನ್ನಿಸ್ತೈತೆ."

ಬಸ್ಸು ನಿಲ್ಲಲಿಲ್ಲ. ಮಧುಗಿರಿ ಬೆಟ್ಟ ಎದುರಿಗೆ ಬಂದು ದೊಡ್ಡದಾಗುತ್ತಲೇ ಹೋಯಿತು.

ಸಭೆಯ ಹಾಲ್‌ನಲ್ಲಿ ನಾಲ್ಕೂ ತಾಲ್ಲೂಕಿನ ಹೆಂಗಸರು ಕೂತಿದ್ದರು. ಮುಂದೆ ಕುರ್ಚಿಗಳಲ್ಲಿ ಅಧಿಕಾರಿಗಳು, ಮೇಷ್ಟ್ರು, ಮಂಡಿಯವರು. ನೆಲದ ಮೇಲೆ ಜಮಖಾನ ಹಾಸಿ ಮೊಸಳೆಯನ್ನು ಇಟ್ಟಿದ್ದರು, ಪಕ್ಕದಲ್ಲಿ ಓಡು ಬಿಡಿಸಿದ ಹಣ್ಣು. ಮೇಡಂ ಓಡಿ ಬಂದು ಚಿಕ್ಕಜ್ಜಿಯ ಕೈ ಹಿಡಿದಳು. "ಇವತ್ತು ಎಲ್ಲ ನಿಮ್ಮಿಂದಲೇ ಅಜ್ಜಿ" ಎಂದಳು. ಅವಳಿಗೂ ಹೆದರಿಕೆ. "ಮೇಡಂ, ಒಂದು ಮಾತು" ಎಂದೆ. ಅಷ್ಟರಲ್ಲಿ ಯಾರೋ ಕರೆದರು, "ಒಂದ್ನಿಮಿಷ ಅಮ್ಮ" ಎಂದು ಹೋದವಳು ಮತ್ತೆ ಬರಲಿಲ್ಲ.

ಚಿಕ್ಕಜ್ಜಿ ಜಮಖಾನದ ಮೇಲೆ ಕೂತಳು. ಮೊದಲ ಹಣ್ಣು ಇಟ್ಟು ಒತ್ತಿದಳು, ಬೀಜ ಬಿತ್ತು. ಚಪ್ಪಾಳೆ ಹೊಡೆದರು. ಎರಡನೆಯದಕ್ಕೆ ಹೊತ್ತು ಹಿಡಿಯಿತು. ಅದರ ಮುಂದಿನದಕ್ಕೆ ಸರಳು ಅರ್ಧಕ್ಕೆ ನಿಂತು, ಹೆಬ್ಬೆರಳು ಜಾರಿ, ಕಬ್ಬಿಣ ಟಪ್ ಎಂದು ಮೇಲಕ್ಕೆ ಹಾರಿತು.

"ಯಾಕಮ್ಮ, ಊರಲ್ಲಿ ಸರಾಗವಾಗಿ ಮಾಡ್ತಿದ್ರಂತೆ? ಇಲ್ಲಿ ನಾಚಿಕೆನಾ?" ಎಂದರು ಮಂಡಿಯವರು. ಹಿಂದೆ ಕೆಲವರು ನಕ್ಕರು.

ಚಿಕ್ಕಜ್ಜಿ ಬಲಗೈಯ ಮೇಲೆ ಎಡಗೈ ಇಟ್ಟು, ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಅವಳ ಕುತ್ತಿಗೆಯ ನರ ಎದ್ದಿದ್ದು ನಾನು ಕೂತಲ್ಲಿಗೆ ಕಾಣುತ್ತಿತ್ತು. ಬೀಜ ಬೀಳಲಿಲ್ಲ. ಇನ್ನೊಂದು ಸಲ ಒತ್ತಿದಳು. ಬಿತ್ತು. ಮತ್ತೊಂದು ಹಣ್ಣಿಗೆ ಕೈ ಚಾಚಿದವಳು ಅದನ್ನು ಎತ್ತದೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಆಗಲ್ಲ ಸ್ವಾಮಿ. ನನ್ ಕೈಲಿ ಇದು ಆಗಲ್ಲ" ಎಂದಳು.

ಮೇಷ್ಟ್ರು ಮೇಡಂ ಕಡೆ ನೋಡಿದರು. "ಹಾಗಾದರೆ ಊರಿನಲ್ಲಿ ನೀವು ತೂಗಿದ್ದು?" ಎಂದರು. ಕುರ್ಚಿಯಲ್ಲಿದ್ದ ಅಧಿಕಾರಿಯೊಬ್ಬರು, "ತೂಕ ಸುಳ್ಳಾ?" ಎಂದು ನೇರವಾಗಿ ಕೇಳಿದರು. ಮೇಡಂಗೆ ಗೊತ್ತಿರಲಿಲ್ಲವಲ್ಲ, ಏನು ಹೇಳಿಯಾಳು. ಚಿಕ್ಕಜ್ಜಿಗೆ ಗೊತ್ತಿತ್ತು, ಆದರೆ ಅದನ್ನು ತನ್ನ ಬಾಯಿಂದ ತಾನೇ ಹೇಳಿಕೊಳ್ಳುವುದು ಹೇಗೆ? ಅವಳು ತಲೆ ತಗ್ಗಿಸಿದಳು.

ನಾನು ಎದ್ದು ನಿಂತಿದ್ದೆ. ಹೇಗೆ ಎದ್ದೆ ಎಂದು ಕೇಳಬೇಡಿ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದೆ.

"ತೂಕ ಸುಳ್ಳಲ್ಲ" ಎಂದೆ.

"ಜೋರಾಗಿ ಹೇಳಿ ಅಮ್ಮ, ಕೇಳಿಸಲ್ಲ" ಎಂದರು ಯಾರೋ.

"ತೂಕ ಸುಳ್ಳಲ್ಲ ಸ್ವಾಮಿ. ಅಷ್ಟೂ ಹಣ್ಣು ಅವಳ ಪುಟ್ಟೀಲಿ ಇತ್ತು. ಅವಳೊಬ್ಬಳೇ ಬಿಡಿಸಿದ್ದಲ್ಲ ಅಷ್ಟೆ. ಈ ಹುಡುಗೀಗೆ ಏನೂ ಗೊತ್ತಿಲ್ಲ. ನಮ್ಮಲ್ಲಿ ಕೈ ಸೋತೋರ ಗುಡ್ಡೆಗೆ ಪಕ್ಕದೋರು ಹಾಕ್ತೀವಿ. ಹಾಕಿದ್ದು ಹೇಳಲ್ಲ. ಯಾರನ್ನೋ ಮೋಸ ಮಾಡಾಕೆ ಮಾಡಿದ್ದಲ್ಲ. ಕೈಗೆ ಅದೇ ರೂಢಿ."

ನನ್ನ ಹಿಂದಿನಿಂದ ಒಬ್ಬ ಹೆಂಗಸಿನ ದನಿ ಬಂತು. ಶಿರಾ ಕಡೆಯವಳು ಎಂದು ಆಮೇಲೆ ತಿಳಿಯಿತು. "ನಮ್ಮ ಹಟ್ಟೀಲೂ ಅಂಗೇ ಮಾಡಿದ್ದು ಸಾರ್. ಬೇರೆಬೇರೆ ಪುಟ್ಟಿ ಕೊಟ್ರು, ನಾವು ನಮ್ಮಂಗೇ ಹಾಕಿದ್ವಿ. ಅದನ್ನ ಬ್ಯಾರೆ ಯೋಳ್ಬೇಕಾ?"

ಗುಜುಗುಜು ಎದ್ದಿತು. ಮಂಡಿಯವರು ಎದ್ದು, "ಅಂದ್ರೆ ಇಷ್ಟು ದಿನ ಮಾಡಿದ್ದೆಲ್ಲ ದಂಡ" ಎಂದರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಹೆಂಗಸರ ಕಡೆ ನೋಡಿದರು. "ಇದನ್ನ ಒತ್ತಿದರೆ ಯಾರಿಗೆಲ್ಲ ಕೈ ನೋಯುತ್ತೆ? ನಿಜ ಹೇಳಿ" ಎಂದು ಕೇಳಿದರು. ಒಂದು ಕೈಯೂ ಏಳಲಿಲ್ಲ. ಮಂಡಿಯವರು ಅಲ್ಲೇ ನಿಂತಿದ್ದರಲ್ಲ, ಯಾರು ಎತ್ತಿಯಾರು? ಆಗ ಜಮಖಾನದ ಮೇಲಿಂದಲೇ ಚಿಕ್ಕಜ್ಜಿ ತನ್ನ ಊದಿದ ಬಲಗೈ ಎತ್ತಿದಳು. ಎತ್ತಿ, ಇಳಿಸದೆ ಹಿಡಿದಳು. ಸ್ವಲ್ಪ ಹೊತ್ತಿಗೆ ಪಾವಗಡ ತಾಲ್ಲೂಕಿನವರ ಸಾಲಿನಲ್ಲಿ ಒಂದು ಕೈ ಎದ್ದಿತು. ಆಮೇಲೆ ಅಲ್ಲೊಂದು, ಇಲ್ಲೊಂದು. ನಾನು ಕೂತುಬಿಟ್ಟೆ. ಮುಂದೆ ಯಾರು ಏನು ಮಾತಾಡಿದರೋ ನನ್ನ ಕಿವಿಗೆ ಹೋಗಲಿಲ್ಲ. ಅಂದು ಒಪ್ಪಿಗೆ ಆಗಲಿಲ್ಲ ಎಂದಷ್ಟೇ ತಿಳಿಯಿತು.

ಹೊರಗೆ ಮೆಟ್ಟಿಲ ಮೇಲೆ ಮೇಡಂ ಕೂತಿದ್ದಳು. "ನನ್ನ ಕೆಲಸ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ. ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲ ಅಮ್ಮ?" ಎಂದಳು. ಸಿಟ್ಟಿನಿಂದಲೇ ಕೇಳಿದಳು.

ಚಿಕ್ಕಜ್ಜಿ ಅವಳ ಪಕ್ಕದಲ್ಲಿ ಕೂತಳು. "ನಮ್ ಮನೇಗೆ ಬಂದು, ನಮಗೋಸ್ಕರ ಅಂತ ತಂದೋಳ ಮುಂದೆ ನಿನ್ ಸಾಮಾನು ಸರಿಯಿಲ್ಲ ಅಂತ ಎಂಗವ್ವ ಯೋಳಾದು? ನಿನ್ ಮಕ ನೋಡುದ್ರೆ ಬಾಯಿ ಬತ್ತಿರಲಿಲ್ಲ."

ಮೇಡಂ ನಗಲಿಲ್ಲ. ಎದ್ದೂ ಹೋಗಲಿಲ್ಲ. ನಮ್ಮ ಬಸ್ಸು ಬರುವವರೆಗೆ ಮೂವರೂ ಹಾಗೇ ಕೂತಿದ್ದೆವು.

ಅವಳು ಮತ್ತೆ ಬರುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ದೀಪಾವಳಿ ಕಳೆದ ಮೇಲೆ ಬಂದಳು, ಬರಿಗೈಯಲ್ಲಿ. ಈ ಸಲ ಎಲ್ಲರ ಹಣ್ಣನ್ನೂ ಒಂದೇ ರಾಶಿ ಮಾಡಿ ತೂಗೋಣ, ಯಂತ್ರವನ್ನು ಮೊದಲು ಕೈ ನೋಯುವವರೇ ಮುಟ್ಟಲಿ, ಅವರು ಸಾಕು ಎಂದಲ್ಲಿಗೆ ನಿಲ್ಲಿಸೋಣ ಎಂದಳು. ಕೈಯ ಬದಲು ಕಾಲಿನಲ್ಲಿ ತುಳಿಯುವ ಒಂದು ನಮೂನೆ ಬಂತು. ತುಳಿದರೆ ಮೊಣಕಾಲು ಹಲಗೆಗೆ ಬಡಿಯುತ್ತಿತ್ತು. ಅದನ್ನು ವಾಪಸು ಕೊಟ್ಟು ಕಳಿಸಿದೆವು. ಇನ್ನೊಂದು ಬಂತು. "ಇದು ಪರವಾಗಿಲ್ಲ, ಹೊಲಿಗೆ ಮಿಷಿನ್ನಿಗೂ ನಮ್ ಯಜಮಾನ್ರಿಗೂ ಹುಟ್ಟಿದಂಗೈತೆ, ತುಳಿದ್ರೆ ಮಾತ್ರ ಕೆಲಸ ಮಾಡ್ತದೆ" ಎಂದಳು ಪಾವಗಡದವಳು. ಮೇಡಂಗೆ ನಗು ತಡೆಯಲಾಗಲಿಲ್ಲ. ಆದರೂ ಅದು ಪೂರ್ತಿಯಾಗಿರಲಿಲ್ಲ, ಕಲ್ಲಲ್ಲಿ ಜಜ್ಜಿದ್ದು ಬೇಡ ಎಂದಿದ್ದ ಮಂಡಿಯವರಿಂದ ಮಾತೂ ಬಂದಿರಲಿಲ್ಲ. ಮೇಷ್ಟ್ರು ಅವರ ಜೊತೆ ಮಾತಾಡಿದ್ದಾರೆ ಎಂದು ಮೇಡಂ ಹೇಳುತ್ತಿದ್ದಳು. ಏನೆಂದರು ಎಂದು ಕೇಳಿದರೆ ಯಂತ್ರದ ಕಡೆ ಬಗ್ಗುತ್ತಿದ್ದಳು.

ಶಿವರಾತ್ರಿ ಬಂತು. ಟೆಂಪೊ ಬೀದಿಯ ತುದಿಯಲ್ಲಿ ಸದ್ದು ಮಾಡಿದಾಗ ನಾನು ಒಲೆಯ ಮುಂದಿದ್ದೆ. ಎದುರು ಮನೆಗೆ ಚೀಲ ಇಳಿದ ಸದ್ದು ಕೇಳಿತು. ನಮ್ಮ ಜಗಲಿಗೂ ಇಳಿಯಿತು. ಆಮೇಲೆ ಗಾಡಿ ಹೊರಟಿತು. ಗೋಡೆಯಾಚೆ ನಿಲ್ಲುತ್ತದೋ ಮುಂದಕ್ಕೆ ಹೋಗುತ್ತದೋ ಎಂದು ಕಿವಿಗೊಟ್ಟು ಕೂತೆ. ಬ್ರೇಕಿನ ಸದ್ದಾಯಿತು. ದೊಪ್ಪನೆ ಏನೋ ಬಿತ್ತು. ಆಮೇಲೆ ಬೀದಿಗೆಲ್ಲ ಕೇಳುವಂತೆ ಚಿಕ್ಕಜ್ಜಿಯ ದನಿ ಬಂತು.

"ಇದೇನ್ಲಾ ಇದು, ಹಸೀ ಹಣ್ಣು ತಂದು ಸುರ್ದಿದ್ದೀಯ? ಒಣಗಿಸೋರ್ಯಾರು, ನಿಮ್ಮಪ್ಪನಾ? ಇನ್ನೊಂದು ಚೀಲ ಬಿಚ್ಚು, ನೋಡಾಣ!"

"ಮೊದ್ಲು ಇಳಿಸ್ಕಳವ್ವ, ಆಮೇಲೆ ಬೈಯಿವಂತೆ" ಎಂದ ಡ್ರೈವರು.

ಅವಳು ಇಳಿಸಿಕೊಳ್ಳುತ್ತಲೇ ಬೈಯುತ್ತಿದ್ದಳು. ನಾನು ಒಲೆ ಸಣ್ಣಗೆ ಮಾಡಿ, ಚೀಲ ಒಳಗಿಡಿಸಲು ಅವಳ ಮನೆಗೆ ಹೋದೆ.